ಬ್ರೋಕರ್ ಎರಡೂ ಕಡೆ ಕಮಿಷನ್ ಕೇಳಿದರೆ, ಅವರು ಯಾರ ಪರ?

ಓದುಗರ ಪ್ರಶ್ನೆ: ಮಂಗಳೂರು ಹತ್ತಿರದ ಮುಡಿಪು ಕಡೆ 10 ಸೆಂಟ್ಸ್ ಜಾಗ ನೋಡಿದ್ದೇವೆ. ಬ್ರೋಕರ್ ನಮ್ಮಿಂದಲೂ ಕಮಿಷನ್ ಕೇಳುತ್ತಿದ್ದಾರೆ, ಮಾರುವವರಿಂದಲೂ ತೆಗೆದುಕೊಳ್ಳುತ್ತಾರಂತೆ. ಹಾಗಾದರೆ ಅವರು ಯಾರ ಪರ?

ಹೆಚ್ಚಿನ ಸಲ ಯಾರ ಪರವೂ ಅಲ್ಲ. ರಿಜಿಸ್ಟ್ರೇಷನ್ ಆದರೆ ಅವರಿಗೆ ದುಡ್ಡು, ಮಾತು ಮುರಿದರೆ ಇಲ್ಲ. ಎರಡೂ ಕಡೆಯಿಂದ ಶೇ. 1 ಅಥವಾ 2 ತೆಗೆದುಕೊಳ್ಳುವುದು ನಮ್ಮೂರಲ್ಲಿ ಸಾಮಾನ್ಯ. ಇಬ್ಬರಿಗೂ ಗೊತ್ತಿದ್ದರೆ ಅದರಲ್ಲಿ ತಪ್ಪೇನಿಲ್ಲ. ಆದರೆ ಮಾರುವವರಿಗೆ ಜಾಸ್ತಿ ಬೆಲೆ ಬೇಕು, ನಿಮಗೆ ಕಡಿಮೆ. ಇಬ್ಬರ ಪರವಾಗಿ ಒಬ್ಬರೇ ಚೌಕಾಸಿ ಮಾಡುವುದು ಹೇಗೆ, ಅಲ್ವಾ?

ಗುಟ್ಟಾಗಿ ಇಟ್ಟುಕೊಳ್ಳುವ ದುಡ್ಡಿನ ಮಾತು ಬೇರೆ. ಮಾರುವವರು ಸೆಂಟ್ಸಿಗೆ 3 ಲಕ್ಷ ಹೇಳಿರುತ್ತಾರೆ, ಬ್ರೋಕರ್ ನಿಮ್ಮ ಹತ್ತಿರ ಮೂರೂಕಾಲು ಎನ್ನುತ್ತಾರೆ. ನಡುವಿನದು ಬ್ರೋಕರ್ ಜೇಬಿಗೆ. 1872ರ ಕರಾರು ಕಾಯ್ದೆ ಪ್ರಕಾರ ಏಜೆಂಟ್ ತನ್ನನ್ನು ನೇಮಿಸಿದವರಿಗೆ ಲೆಕ್ಕ ಕೊಡಬೇಕು. ಅವರಿಗೆ ತಿಳಿಸದೆ ಅದೇ ವ್ಯವಹಾರದಲ್ಲಿ ತನಗಾಗಿ ಲಾಭ ಮಾಡಿಕೊಂಡರೆ, ಆ ಲಾಭವನ್ನು ಅವರು ಕೇಳಬಹುದು. ಹಾಗಾಗಿ ಬೆಲೆಯ ಮಾತು ಮಾರುವವರ ಎದುರಿಗೇ ಕೂತು ಆಗಲಿ.

ನನಗೆ ಜಾಸ್ತಿ ಭಯ ಇರುವುದು ಜಾಗದ ಬಗ್ಗೆಯೇ. ನಮ್ಮ ಕರಾವಳಿ ಜಿಲ್ಲೆಗಳಲ್ಲಿ ವರ್ಗ ಜಾಗಕ್ಕೆ, ಅಂದರೆ ಖಾಸಗಿ ಹಿಡುವಳಿ ಜಮೀನಿಗೆ, ತಾಗಿ ಕುಮ್ಕಿ ಎಂಬ ಜಾಗ ಇರುತ್ತದೆ. ಅದು ಸರ್ಕಾರದ್ದು. ಹಿಂದಿನಿಂದ ಬಂದ ಹಕ್ಕು ಸೊಪ್ಪು, ಕಟ್ಟಿಗೆ ತರುವುದಕ್ಕೆ, ಮಾರುವುದಕ್ಕಲ್ಲ. 'ಹಿಂದೆ ಇರೋದೂ ನಿಮಗೇ ಬರ್ತದೆ' ಎಂದು ಬ್ರೋಕರ್ ಬೇಲಿಯಾಚೆ ಕೈ ತೋರಿಸಿದರೆ, ಪಹಣಿಯಲ್ಲಿ ಎಷ್ಟು ಸೆಂಟ್ಸ್ ಇದೆ ಅಂತ ಅಲ್ಲೇ ಕೇಳಿ. ಮೂಲಗೇಣಿ (ಶಾಶ್ವತ ಗೇಣಿಯ) ಜಾಗವೋ, ಕುಟುಂಬದಲ್ಲಿ ಪಾಲಾಗಿದೆಯೋ ಎಂಬುದನ್ನೂ ನಿಮ್ಮದೇ ವಕೀಲರಿಂದ ನೋಡಿಸಿ. ಬ್ರೋಕರ್ ಕರೆತಂದ ವಕೀಲರು ಬೇಡ.

ಫ್ಲ್ಯಾಟ್ ಅಥವಾ ಹೊಸ ಲೇಔಟ್ ಆದರೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಇದೆ. 2016ರ ಆ ಕಾಯ್ದೆಯಂತೆ, ನೋಂದಣಿ ಆಗಬೇಕಾದ ಯೋಜನೆಗಳಲ್ಲಿ ಮಾರಿಸಿಕೊಡುವ ಏಜೆಂಟ್‌ಗೂ ನೋಂದಣಿ ಸಂಖ್ಯೆ ಇರಬೇಕು. ಯಾರದೋ ತೋಟದ ಬದಿಯ ಬಿಡಿ 10 ಸೆಂಟ್ಸಿಗೆ ಆ ರಕ್ಷಣೆ ಸಿಗುವುದಿಲ್ಲ.

ಹಾಗಾಗಿ ಅಡ್ವಾನ್ಸ್ ಕೊಡುವ ಮೊದಲೇ ಒಂದು ಕಾಗದದಲ್ಲಿ ಬರೆಸಿಕೊಳ್ಳಿ: ಕಮಿಷನ್ ಎಷ್ಟು, ಮಾರುವವರಿಂದ ಎಷ್ಟು, ಯಾವಾಗ ಕೊಡುವುದು. ನಿಮ್ಮ ಪಾಲಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಆದ ಮೇಲೆ ಬ್ಯಾಂಕ್ ಮೂಲಕವೇ ಕೊಡಿ.