ಸೀರಿಯಲ್ ಕೇಬಲ್: ಯಾವ ತಂತಿಗೆ ಯಾರು ಒಡೆಯರು?

ಆರ್‌ಎಸ್-232 ಅಂದರೆ ಕಂಪ್ಯೂಟರ್, ಮೋಡೆಮ್‌ನಂಥ ಎರಡು ಸಾಧನಗಳ ನಡುವೆ ಒಂದೊಂದೇ ಬಿಟ್ ಆಗಿ ಡೇಟಾ ಕಳಿಸುವ ಸೀರಿಯಲ್ ಕೇಬಲ್ ಪದ್ಧತಿ. ಇದರಲ್ಲಿ ಡೇಟಾ ಹೋಗಿಬರಲು ಮೂರೇ ತಂತಿ ಸಾಕು: ಕಳಿಸಲು ಒಂದು, ಪಡೆಯಲು ಒಂದು, ಗ್ರೌಂಡ್ ಒಂದು. ಹಾಗಾದರೆ ಕನೆಕ್ಟರ್‌ನಲ್ಲಿ 9 ಪಿನ್ ಯಾಕೆ? ಉಳಿದ ಆರೂ ಕಂಟ್ರೋಲ್ ಸಿಗ್ನಲ್‌ಗಳು. ಪ್ರತಿ ಪಿನ್‌ಗೂ ಒಂದೇ ಪ್ರಶ್ನೆ ಕೇಳಿ: ಇಲ್ಲಿ ವೋಲ್ಟೇಜ್ ಕೊಡುವವರು ಯಾರು, ನೋಡುವವರು ಯಾರು? ಇದು ತಿಳಿದರೆ ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

ಪಿನ್‌ಗಳ ಹೆಸರೆಲ್ಲ ಡಿಟಿಇ ಕಡೆಯಿಂದ, ಅಂದರೆ ಕಂಪ್ಯೂಟರ್ ಕಡೆಯಿಂದ ನೋಡಿ ಇಟ್ಟವು. ಕಂಪ್ಯೂಟರ್‌ನಲ್ಲಿ 3ನೇ ಪಿನ್ ಟಿಎಕ್ಸ್‌ಡಿ, ಡೇಟಾ ಹೊರಗೆ ಹೋಗುವ ಪಿನ್. 2ನೇ ಪಿನ್ ಆರ್‌ಎಕ್ಸ್‌ಡಿ, ಡೇಟಾ ಒಳಗೆ ಬರುವ ಪಿನ್. ಎದುರಿನ ಬಗೆಯ ಸಾಧನಕ್ಕೆ, ಅಂದರೆ ಮೋಡೆಮ್‌ನಂಥದ್ದಕ್ಕೆ, ಡಿಸಿಇ ಅಂತ ಹೆಸರು. ಅಲ್ಲೂ 3ನೇ ಪಿನ್ ಹೆಸರು ಟಿಎಕ್ಸ್‌ಡಿಯೇ, ಆದರೆ ಡೇಟಾ ಒಳಗೆ ಬರುತ್ತದೆ. ಹಾಗಾಗಿ ಕಂಪ್ಯೂಟರ್‌ನಿಂದ ಮೋಡೆಮ್‌ಗೆ ನೇರ ಕೇಬಲ್, ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ಕ್ರಾಸ್ ಆದ ನಲ್ ಮೋಡೆಮ್ ಕೇಬಲ್. 25 ಪಿನ್ ಕನೆಕ್ಟರ್‌ನಲ್ಲಿ 2 ಟಿಎಕ್ಸ್‌ಡಿ, 3 ಆರ್‌ಎಕ್ಸ್‌ಡಿ, ಅಂದರೆ ಉಲ್ಟಾ. ಅಡಾಪ್ಟರ್ ಹಾಕುವಾಗ ಇದು ನೆನಪಿರಲಿ.

ಕೈಯಲ್ಲಿರುವ ಸಾಧನ ಯಾವ ಬಗೆಯದು ಅಂತ ಗೊತ್ತಿಲ್ವಾ? ಕೇಬಲ್ ಬಿಚ್ಚಿ, ಸಾಧನ ಆನ್ ಮಾಡಿ, ಮಲ್ಟಿಮೀಟರ್‌ನ ಕಪ್ಪು ಪ್ರೋಬ್ ಅನ್ನು 9 ಪಿನ್ ಕನೆಕ್ಟರ್‌ನ 5ನೇ ಪಿನ್‌ಗೆ, ಅಂದರೆ ಗ್ರೌಂಡ್‌ಗೆ ಇಡಿ. ಸುಮ್ನೆ ಇರುವಾಗ ಕಳಿಸುವ ಲೈನ್ ನೆಗೆಟಿವ್‌ನಲ್ಲಿ ನಿಂತಿರುತ್ತದೆ. 3ನೇ ಪಿನ್‌ನಲ್ಲಿ −5ರಿಂದ −12 ವೋಲ್ಟ್ ಹೀಗೇನಾದರೂ ಕಂಡರೆ ಅದು ಡಿಟಿಇ. 2ನೇ ಪಿನ್‌ನಲ್ಲಿ ಕಂಡರೆ ಡಿಸಿಇ.

ಈಗ ಕಂಟ್ರೋಲ್ ಲೈನ್‌ಗಳು. ಕಂಪ್ಯೂಟರ್ ಎರಡನ್ನು ನಡೆಸುತ್ತದೆ: ಡಿಟಿಆರ್ (4), ಆರ್‌ಟಿಎಸ್ (7). ಆವರಣದಲ್ಲಿರುವುದು 9 ಪಿನ್ ಕನೆಕ್ಟರ್‌ನ ಪಿನ್ ಸಂಖ್ಯೆ. ನಾಲ್ಕನ್ನು ಬರೀ ನೋಡುತ್ತದೆ: ಡಿಸಿಡಿ (1, ಎದುರಿನ ಮೋಡೆಮ್‌ನ ಸಿಗ್ನಲ್ ಸಿಕ್ಕಿದೆ), ಡಿಎಸ್‌ಆರ್ (6, ಮೋಡೆಮ್ ಸಿದ್ಧ), ಸಿಟಿಎಸ್ (8, ಕಳಿಸಬಹುದು), ಆರ್‌ಐ (9, ಫೋನ್ ರಿಂಗ್ ಆಗುತ್ತಿದೆ). ಡೇಟಾ ಲೈನ್‌ನಲ್ಲಿ 1 ಅಂದರೆ ನೆಗೆಟಿವ್, ಆದರೆ ಕಂಟ್ರೋಲ್ ಲೈನ್ ‘ಆನ್’ ಅಂದರೆ ಪಾಸಿಟಿವ್. ಎರಡನ್ನೂ ಒಂದೇ ಲೆಕ್ಕದಲ್ಲಿ ಓದಬೇಡಿ.

ಡಿಟಿಆರ್ ಅಂದರೆ ‘ನಾನು ಸಿದ್ಧ’. ಆರ್ಡುಯಿನೊ ಉನೊ ಅನ್ನುವ ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡ್‌ನ ಪೋರ್ಟ್ ತೆರೆದ ಕೂಡಲೇ ಅದು ರೀಸೆಟ್ ಆಗುವುದು ಇದರಿಂದಲೇ. ಅಲ್ಲಿ ಡಿಟಿಆರ್ ಲೈನ್ ಒಂದು ಕೆಪಾಸಿಟರ್ ಮೂಲಕ ರೀಸೆಟ್ ಪಿನ್‌ಗೆ ಹೋಗುತ್ತದೆ.

ಜಾಸ್ತಿ ಗಮನ ಬೇಕಾದದ್ದು ಆರ್‌ಟಿಎಸ್, ಸಿಟಿಎಸ್ ಜೋಡಿಗೆ. ಹಳೆಯ ಹಾಫ್ ಡ್ಯುಪ್ಲೆಕ್ಸ್ (ಒಮ್ಮೆಗೆ ಒಂದೇ ದಿಕ್ಕಿನಲ್ಲಿ ಕಳಿಸುವ) ಮೋಡೆಮ್‌ಗಳಲ್ಲಿ ಆರ್‌ಟಿಎಸ್ ನಿಜಕ್ಕೂ ಕಳಿಸಲು ಅನುಮತಿ ಕೇಳುವ ಲೈನ್ ಆಗಿತ್ತು. ಇಂದು ಅದರ ಕೆಲಸ ಬೇರೆ: ‘ನನ್ನ ಬಫರ್‌ನಲ್ಲಿ (ಬಂದ ಡೇಟಾ ಓದುವವರೆಗೆ ಇಟ್ಟುಕೊಳ್ಳುವ ಜಾಗದಲ್ಲಿ) ಜಾಗ ಇದೆ, ಕಳಿಸು’. ಜಾಗ ತುಂಬುತ್ತಾ ಬಂದರೆ ಅದನ್ನು ಆಫ್ ಮಾಡುತ್ತಾರೆ, ಎದುರಿನವರ ಸಿಟಿಎಸ್ ಆಫ್ ಆಗುತ್ತದೆ, ಅವರು ನಿಲ್ಲಿಸುತ್ತಾರೆ. ಸೀರಿಯಲ್ ಪೋರ್ಟ್ ನಡೆಸುವ 16550 ಯುಎಆರ್‌ಟಿ ಚಿಪ್‌ನ ಬಫರ್ 16 ಬೈಟ್. 115200 ಬಾಡ್‌ನಲ್ಲಿ, ಅಂದರೆ ಸೆಕೆಂಡಿಗೆ ಅಷ್ಟು ಬಿಟ್ ವೇಗದಲ್ಲಿ, ಸ್ಟಾರ್ಟ್ ಮತ್ತು ಸ್ಟಾಪ್ ಬಿಟ್ ಸೇರಿ ಬೈಟ್‌ಗೆ 10 ಬಿಟ್ ಅಂದರೆ, ಅದು ಸುಮಾರು 1.4 ಮಿಲಿಸೆಕೆಂಡ್‌ನಲ್ಲಿ ತುಂಬಿಬಿಡುತ್ತದೆ. ಅಷ್ಟರಲ್ಲಿ ಓದದಿದ್ದರೆ ಬೈಟ್‌ಗಳು ಹೋದವು ಅಂತಲೇ.

ಪೂರ್ತಿ ನಲ್ ಮೋಡೆಮ್ ಕೇಬಲ್‌ನಲ್ಲಿ 2 ಮತ್ತು 3 ಅದಲುಬದಲು, 7 ಮತ್ತು 8 ಅದಲುಬದಲು. ಎರಡೂ ಕಡೆಯ 4, ಎದುರಿನ 6 ಮತ್ತು 1ಕ್ಕೆ. 5 ನೇರ 5ಕ್ಕೆ. ಆರ್‌ಐ ಬೇಕಿಲ್ಲ.

ಮೂರು ತಂತಿ ಮಾತ್ರ ಇದ್ದಾಗ ಹಲವರು ಅದೇ ಕನೆಕ್ಟರ್‌ನಲ್ಲಿ 7ನ್ನು 8ಕ್ಕೆ, 4ನ್ನು 6 ಮತ್ತು 1ಕ್ಕೆ ಸೇರಿಸಿಬಿಡುತ್ತಾರೆ. ಪ್ರೋಗ್ರಾಮ್‌ಗೆ ಎಲ್ಲ ಸರಿ ಅನ್ನಿಸುತ್ತದೆ, ಯಾಕೆಂದರೆ ಅದು ತನ್ನದೇ ಆರ್‌ಟಿಎಸ್ ಅನ್ನು ಸಿಟಿಎಸ್ ಅಂತ ಓದುತ್ತಿದೆ. ಆದರೆ ಎದುರಿನವರು ‘ನಿಲ್ಲು’ ಅನ್ನುವ ದಾರಿಯೇ ಮುಚ್ಚಿತು. ನಾಲ್ಕು ಸಾಲು ಟೆಕ್ಸ್ಟ್ ಚೆನ್ನಾಗಿ ಹೋಗುತ್ತದೆ, ದೊಡ್ಡ ಫೈಲ್ ನಡುವೆ ಹರಿದು ಬರುತ್ತದೆ. ಹೀಗೆ ಮಾಡುವುದಾದರೆ ಕನೆಕ್ಟರ್ ಮೇಲೆ ಬರೆದಿಡಿ. ಮುಂದೆ ಅದನ್ನು ಬಳಸುವವರಿಗೆ ಒಳಗಿನ ಜಂಪರ್ ಕಾಣುವುದಿಲ್ಲ.

ಓದಲು ಬರುತ್ತದೆ, ಕಳಿಸಲು ಮಾತ್ರ ಆಗುತ್ತಿಲ್ಲ ಅಂದರೆ ಮೊದಲು ಸಿಟಿಎಸ್ ನೋಡಿ. ಕೇಬಲ್ ಸಿಕ್ಕಿಸಿದ ಹಾಗೇ 8ನೇ ಪಿನ್ ಅಳೆಯಿರಿ. ಪಾಸಿಟಿವ್ ಇದ್ದರೆ ತಡೆ ಅಲ್ಲಿಲ್ಲ. ನೆಗೆಟಿವ್ ಇದ್ದರೆ ಎದುರಿನ ಸಾಧನವೇ ತಡೆದಿದೆ, ಅದರ ಸೆಟ್ಟಿಂಗ್ ನೋಡಬೇಕು. ಸುಮಾರು 0 ಇದ್ದರೆ ಆ ತಂತಿಗೆ ಒಡೆಯರೇ ಇಲ್ಲ: ತಂತಿ ಹಾಕಿ, ಇಲ್ಲವೇ ಪ್ರೋಗ್ರಾಮ್‌ನಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ (ಆರ್‌ಟಿಎಸ್, ಸಿಟಿಎಸ್ ನೋಡಿ ನಿಲ್ಲಿಸುವ ಕ್ರಮ) ಆಫ್ ಮಾಡಿ.