ದೂರದಿಂದ ಬರುವ ಅಣ್ಣ–ಅಕ್ಕಂದಿರು: ಕ್ರೈಸ್ತ ಮಕ್ಕಳ ಶಿಬಿರಗಳ ಒಂದೂವರೆ ಶತಮಾನ

ವಿದೇಶದ ಕ್ರೈಸ್ತ ಬೇಸಿಗೆ ಶಿಬಿರವೊಂದಕ್ಕೆ ಹೋಗಿ ಮಕ್ಕಳಿಗೆ ಹಾಡು ಕಲಿಸಬೇಕು, ಆಟ ಆಡಿಸಬೇಕು, ಸಂಜೆ ಕೂರಿಸಿಕೊಂಡು ಬೈಬಲ್ ಕಥೆ ಹೇಳಬೇಕು ಎಂದು ಹೊರಡುವ ಇಪ್ಪತ್ತರ ಹರೆಯದವರು ಇಂದು ಕೂಡಿಹಾಕಬೇಕಾದ ಕಾಗದಗಳ ಕಟ್ಟು ಸಣ್ಣದಲ್ಲ. ವೀಸಾ, ಪೊಲೀಸ್ ಪ್ರಮಾಣಪತ್ರ, ಸಭಾಪಾಲಕರ ಶಿಫಾರಸು, ಆರೋಗ್ಯ ವಿಮೆ, ಮಕ್ಕಳ ರಕ್ಷಣೆಯ ತರಬೇತಿ ಪಡೆದದ್ದಕ್ಕೆ ದಾಖಲೆ, ಖರ್ಚನ್ನು ಯಾರು ಭರಿಸುತ್ತಾರೆಂಬ ಪತ್ರ, ಎಲ್ಲವೂ ಬೇಕು. ಇಷ್ಟಾದ ಮೇಲೂ ಮೂಲಭೂತ ಪ್ರಶ್ನೆಯೊಂದು ಉಳಿದೇ ಇರುತ್ತದೆ. ಹೀಗೆ ಹೋಗುವವರು ಮಿಷನರಿಗಳೋ, ಸಂಬಳವಿಲ್ಲದ ಕೆಲಸಗಾರರೋ, ಪ್ರವಾಸಿಗಳೋ? ವಲಸೆ ಇಲಾಖೆ ಒಂದು ಉತ್ತರ ಕೊಡುತ್ತದೆ, ಚರ್ಚು ಇನ್ನೊಂದು, ಶಿಬಿರದ ಮಕ್ಕಳು ಮತ್ತೊಂದು. ಈ ಗೋಜಲು ಒಂದೇ ದಿನದಲ್ಲಿ ಹುಟ್ಟಿದ್ದಲ್ಲವಾದ್ದರಿಂದ ಅದು ನಡೆದು ಬಂದ ದಾರಿಯನ್ನು ಹಿಂದಿನಿಂದ ನೋಡಿಕೊಂಡು ಬರುವುದು ಒಳ್ಳೆಯದು.

ಕಥೆಯ ಮೊದಲಲ್ಲಿ ಒಬ್ಬ ಹೊರದೇಶದವನಿದ್ದಾನೆ. ಅಮೆರಿಕದ ಪೇಸನ್ ಹ್ಯಾಮಂಡ್ ಎಂಬ ಬೋಧಕ 1867ರಲ್ಲಿ ಲಂಡನ್ನಿನಲ್ಲಿ ಮಕ್ಕಳಿಗಾಗಿಯೇ ಸಭೆಗಳನ್ನು ನಡೆಸಿದ. ದೊಡ್ಡವರ ಉಪದೇಶವನ್ನೇ ಚಿಕ್ಕದು ಮಾಡಿ ಮಕ್ಕಳ ಮೇಲೆ ಸುರಿಯುವುದು ವಾಡಿಕೆಯಾಗಿದ್ದ ಕಾಲದಲ್ಲಿ, ಮಕ್ಕಳ ಮಾತಿನಲ್ಲಿ ಮಕ್ಕಳ ಜೊತೆ ಮಾತಾಡುವ ಅವನ ರೀತಿ ಹೊಸದಾಗಿತ್ತು. ಅದನ್ನು ಕಂಡು ಮೆಚ್ಚಿದ ಜೋಸಾಯ ಸ್ಪಿಯರ್ಸ್ ಎಂಬ ಗುಮಾಸ್ತ ಅದೇ ವರ್ಷ ಜೂನ್ ತಿಂಗಳಲ್ಲಿ ಇಸ್ಲಿಂಗ್ಟನ್ನಿನ ಮನೆಯೊಂದರ ಪಡಸಾಲೆಯಲ್ಲಿ ಹದಿನೈದು ಮಕ್ಕಳನ್ನು ಸೇರಿಸಿ ಕೂಟ ಆರಂಭಿಸಿದ. ಮರುವರ್ಷ ವೇಲ್ಸಿನ ಲ್ಯಾಂಡಿಡ್ನೊ ಎಂಬ ಕಡಲತೀರದ ಊರಿಗೆ ರಜೆಗೆ ಹೋದಾಗ, ಮರಳಿನ ಮೇಲೆ ‘ದೇವರು ಪ್ರೀತಿಸ್ವರೂಪಿ’ ಎಂಬ ವಾಕ್ಯವನ್ನು ದೊಡ್ಡದಾಗಿ ಬರೆದು, ಅಲ್ಲಿ ಆಡುತ್ತಿದ್ದ ಮಕ್ಕಳಿಂದ ಆ ಅಕ್ಷರಗಳನ್ನು ಚಿಪ್ಪು, ಬೆಣಚುಕಲ್ಲು, ಕಡಲಪಾಚಿಗಳಿಂದ ಸಿಂಗರಿಸಿದ. ಅಲ್ಲಿಂದ ಬೆಳೆದದ್ದೇ ಮಕ್ಕಳ ವಿಶೇಷ ಸೇವಾ ಮಿಷನ್. 1879ರಲ್ಲಿ ಬೈಬಲ್ ಓದಿನ ಕಾರ್ಡುಗಳನ್ನು ಹಂಚಲು ತೊಡಗಿದ ಅದು ಮುಂದೆ ಸ್ಕ್ರಿಪ್ಚರ್ ಯೂನಿಯನ್ ಎಂಬ ಹೆಸರಿನಲ್ಲಿ ಅನೇಕ ದೇಶಗಳಿಗೆ ಹರಡಿತು.

ಲ್ಯಾಂಡಿಡ್ನೊದ ಈ ಚಿತ್ರವನ್ನು ಭಾವುಕವಾಗಿ ನೆನೆಯುವವರು ಅದರ ಒಂದು ಮೂಲೆಯನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಆ ಮಕ್ಕಳ ತಂದೆತಾಯಿಯರು ಅದೇ ಮರಳಿನ ಮೇಲೆ, ಕೂಗಳತೆಯಲ್ಲಿ ಕುಳಿತಿದ್ದರು. ಕಥೆ ಹೇಳುವವನು ಅಪರಿಚಿತನಾದರೂ ಎಲ್ಲರ ಕಣ್ಣೆದುರಿಗಿದ್ದ. ಯಾರೂ ಬರೆದಿಡದ ಈ ನಿಯಮವೇ ಆ ಮೊದಲ ಕೂಟಗಳ ದೊಡ್ಡ ರಕ್ಷಣೆಯಾಗಿತ್ತು.

ಮಕ್ಕಳನ್ನು ಮನೆಯವರಿಂದ ದೂರ ಕರೆದೊಯ್ಯುವ ಶಿಬಿರ ಸ್ವಲ್ಪ ತಡವಾಗಿ ಬಂತು. ನ್ಯೂಯಾರ್ಕ್ ರಾಜ್ಯದ ಆರೆಂಜ್ ಸರೋವರದ ದಡದಲ್ಲಿ ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಘದ ಸಮ್ನರ್ ಡಡ್ಲಿ 1885ರಲ್ಲಿ ಏಳು ಹುಡುಗರೊಂದಿಗೆ ಡೇರೆ ಹಾಕಿದ. ಗ್ಲಾಸ್ಗೋದಲ್ಲಿ 1883ರಲ್ಲಿ ಹುಟ್ಟಿದ ಬಾಯ್ಸ್ ಬ್ರಿಗೇಡ್ ಎಂಬ ಕ್ರೈಸ್ತ ಬಾಲಕರ ಸಂಘಟನೆ ಮೂರು ವರ್ಷಗಳ ನಂತರ ತನ್ನ ಹುಡುಗರನ್ನು ಮೊದಲ ಬಾರಿ ಶಿಬಿರಕ್ಕೆ ಕರೆದೊಯ್ದಿತು. ವಾರಕ್ಕೊಮ್ಮೆ ಸೇರುವ ಕ್ಲಬ್ಬು, ವರ್ಷಕ್ಕೊಮ್ಮೆ ನಡೆಯುವ ಶಿಬಿರ, ಎರಡನ್ನೂ ನಡೆಸಲು ಸಂಬಳ ಕೇಳದ ಯುವಕರು ಎಂಬ ವ್ಯವಸ್ಥೆ ಹತ್ತೊಂಬತ್ತನೆಯ ಶತಮಾನ ಮುಗಿಯುವುದರೊಳಗೆ ಗಟ್ಟಿಯಾಗಿತ್ತು. ಅದಾದ ಮೇಲಿನದೆಲ್ಲ ಹೆಚ್ಚೂಕಡಿಮೆ ಅದೇ ಅಚ್ಚಿನಲ್ಲಿ ತೆಗೆದದ್ದು.

ಆದರೆ ಆಗ ವಿದೇಶಕ್ಕೆ ಹೋಗುವುದೆಂದರೆ ಬೇರೆಯೇ ಮಾತು. ಮ್ಯಾಸಚೂಸೆಟ್ಸ್‌ನ ಮೌಂಟ್ ಹರ್ಮನ್‌ನಲ್ಲಿ 1886ರ ಬೇಸಿಗೆಯಲ್ಲಿ ಸೇರಿದ ಕಾಲೇಜು ವಿದ್ಯಾರ್ಥಿಗಳ ಪೈಕಿ ನೂರು ಮಂದಿ ಹೊರದೇಶದ ಸೇವೆಗೆ ಹೆಸರು ಕೊಟ್ಟರು; ಹಾಗೆ ಹೆಸರು ಕೊಡುವುದೆಂದರೆ ಬದುಕನ್ನೇ ಕೊಡುವುದು ಎಂದು ಅವರಿಗೂ ಅವರ ಮನೆಯವರಿಗೂ ಗೊತ್ತಿತ್ತು. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಮೋಗ್ಲಿಂಗ್ 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದರು. 1853ರಲ್ಲಿ ಬಂದ ಕಿಟ್ಟೆಲ್ ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಅವರ ಉದ್ದೇಶವನ್ನು ಒಪ್ಪುವವರೂ ಒಪ್ಪದವರೂ ಇದ್ದಾರೆ, ಆದರೆ ಊರಿನ ಮಾತು ಕಲಿಯದೆ ಊರಿನ ಮಕ್ಕಳಿಗೆ ಪಾಠ ಹೇಳಬಹುದೆಂದು ಅವರು ಭಾವಿಸಿದ್ದರೆಂದು ಯಾರೂ ಹೇಳಲಾರರು.

ಇಷ್ಟು ದೀರ್ಘಕಾಲದ ಸೇವೆಯಲ್ಲೂ ಒಂದು ಕೊರತೆಯಿದೆಯೆಂದು ತೋರಿಸಿದವರು ಭಾರತೀಯರೇ. ವೈಎಂಸಿಎಯ ಕಾರ್ಯದರ್ಶಿಯಾಗಿ ದಕ್ಷಿಣ ಭಾರತದಲ್ಲಿ ದುಡಿದಿದ್ದ ವಿ.ಎಸ್. ಅಜರಯ್ಯ 1910ರ ಎಡಿನ್‌ಬರೋ ಮಿಷನರಿ ಸಮ್ಮೇಳನದಲ್ಲಿ ಎದ್ದುನಿಂತು, ನೀವು ನಿಮ್ಮ ಸ್ವತ್ತನ್ನು ಬಡವರಿಗೆ ಹಂಚಿದ್ದೀರಿ, ಪ್ರಾಣವನ್ನೂ ಕೊಟ್ಟಿದ್ದೀರಿ, ನಾವು ಕೇಳುವುದು ಪ್ರೀತಿಯನ್ನು, ನಮಗೆ ಸ್ನೇಹಿತರನ್ನು ಕೊಡಿ ಎಂಬರ್ಥದ ಮಾತು ಹೇಳಿದರು. ಸಭೆಯಲ್ಲಿ ಹಲವರಿಗೆ ಅದು ಹಿಡಿಸಲಿಲ್ಲ. ಎರಡು ವರ್ಷದ ನಂತರ ಇಂದಿನ ತೆಲಂಗಾಣದ ದೋರ್ನಕಲ್ಲಿನಲ್ಲಿ ಅಜರಯ್ಯನವರೇ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ಪರಾದರು. ಅವರು ಕೇಳಿದ ಸ್ನೇಹಕ್ಕೆ ಸಮಯ ಬೇಕಿತ್ತು. ಆದರೆ ಮುಂದಿನ ಐವತ್ತು ವರ್ಷಗಳಲ್ಲಿ ಕಡಿಮೆಯಾಗುತ್ತ ಹೋದದ್ದು ಆ ಸಮಯವೇ.

ಎರಡನೆಯ ಮಹಾಯುದ್ಧದ ನಂತರ ವಿಮಾನಯಾನ ಅಗ್ಗವಾಯಿತು, ಪಶ್ಚಿಮದ ಮಧ್ಯಮವರ್ಗದ ಕೈಯಲ್ಲಿ ರಜೆಯೂ ಹಣವೂ ಬಂದವು. ಅಮೆರಿಕದ ಜಾರ್ಜ್ ವರ್ವರ್ 1957ರಲ್ಲಿ ಇಬ್ಬರು ಗೆಳೆಯರೊಂದಿಗೆ ಬೇಸಿಗೆ ರಜೆಯಲ್ಲಿ ಮೆಕ್ಸಿಕೋಗೆ ಹೋದದ್ದು ಆಪರೇಷನ್ ಮೊಬಿಲೈಸೇಷನ್ ಎಂಬ ಮಿಷನ್ ಸಂಸ್ಥೆಯ ಬೀಜವಾಯಿತು. 1960ರಲ್ಲಿ ಲೋರೆನ್ ಕನಿಂಗ್‌ಹ್ಯಾಮ್ ಆರಂಭಿಸಿದ ಯೂತ್ ವಿತ್ ಎ ಮಿಷನ್ ಸಂಸ್ಥೆಯು ಸೆಮಿನರಿ (ಪಾದ್ರಿಗಳ ತರಬೇತಿ ಶಾಲೆ) ಶಿಕ್ಷಣವಿಲ್ಲದ ಹದಿಹರೆಯದವರನ್ನೂ ಕೆಲವೇ ತಿಂಗಳಿಗೆ ಕಳಿಸಬಹುದೆಂದು ತೋರಿಸಿತು. ಮರುವರ್ಷ ಅಮೆರಿಕ ಸರ್ಕಾರವೇ ಪೀಸ್ ಕೋರ್ ಎಂಬ ಹೆಸರಿನಲ್ಲಿ ಜಾತ್ಯತೀತವಾಗಿ ಇಂಥದ್ದನ್ನೇ ಆರಂಭಿಸಿದ ಮೇಲೆ, ಯೌವನದಲ್ಲಿ ಒಮ್ಮೆ ಹೊರದೇಶಕ್ಕೆ ಹೋಗಿ ಸೇವೆ ಮಾಡಿ ಬರುವುದು ಆ ಪೀಳಿಗೆಗೆ ಒಂದು ಸಂಸ್ಕಾರದಂತಾಯಿತು. ಜೀವಮಾನವಿದ್ದದ್ದು ಎರಡು ವರ್ಷವಾಯಿತು, ಎರಡು ವರ್ಷವಿದ್ದದ್ದು ಒಂದು ಬೇಸಿಗೆಯಾಯಿತು.

ಎಚ್ಚರಿಕೆಯ ಮಾತು ಬೇಗನೇ ಬಂತು, ಅದೂ ಒಳಗಿನಿಂದಲೇ. ಕ್ಯಾಥೊಲಿಕ್ ಪಾದ್ರಿ ಇವಾನ್ ಇಲಿಚ್ 1968ರ ಏಪ್ರಿಲ್‌ನಲ್ಲಿ ಮೆಕ್ಸಿಕೋದ ಕ್ವೆರ್ನವಾಕದಲ್ಲಿ, ಹಳ್ಳಿಗಳ ಸೇವೆಗೆಂದು ಸಜ್ಜಾಗಿ ಬಂದಿದ್ದ ಅಮೆರಿಕದ ವಿದ್ಯಾರ್ಥಿಗಳನ್ನು ಎದುರಿಗೆ ಕೂರಿಸಿಕೊಂಡು, ನೋಡಲು ಬನ್ನಿ, ಕಲಿಯಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಎಂದರು. ಅವರ ಮಾತು ಅಗತ್ಯಕ್ಕಿಂತ ಕಟುವಾಗಿತ್ತು ಎನ್ನಬಹುದು. ಆದರೆ ಸಹಾಯಕ್ಕೆ ಬಂದವರು ಆ ಊರಿನ ಜನರೊಂದಿಗೆ ಮಾತನಾಡಲೂ ಆಗದವರು ಎಂಬ ಅವರ ಮೂಲ ಆಕ್ಷೇಪಕ್ಕೆ ಇಂದಿಗೂ ನೇರವಾದ ಉತ್ತರ ಸಿಕ್ಕಿಲ್ಲ.

ಸಂಖ್ಯೆಯಂತೂ ಏರುತ್ತಲೇ ಹೋಯಿತು. ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೋ ಅವರ 2005ರ ಸಮೀಕ್ಷೆಯ ಅಂದಾಜಿನಂತೆ ಅಮೆರಿಕದ ಚರ್ಚುಗಳಿಂದಲೇ ವರ್ಷಕ್ಕೆ ಸುಮಾರು 16 ಲಕ್ಷ ಜನ ಇಂಥ ಅಲ್ಪಾವಧಿ ಸೇವೆಗೆ ಹೊರದೇಶಕ್ಕೆ ಹೋಗುತ್ತಿದ್ದರು, ಹೆಚ್ಚಿನವರು ಹೋಗುತ್ತಿದ್ದದ್ದು ಎರಡು ವಾರದೊಳಗೆ ಮರಳಲು. ಇದರಿಂದ ಆದದ್ದೇನು ಎಂಬುದನ್ನು ಅಳೆಯಲು ನೋಡಿದವರು ವಿರಳ. 1998ರ ಮಿಚ್ ಚಂಡಮಾರುತದ ನಂತರ ಹೊಂಡುರಾಸ್‌ನಲ್ಲಿ ಹೀಗೆ ಬಂದ ತಂಡಗಳು ಕಟ್ಟಿಕೊಟ್ಟ ಮನೆಗಳನ್ನು ಅಭ್ಯಸಿಸಿದ ಕರ್ಟ್ ವೆರ್ ಬೀಕ್, ಪ್ರಯಾಣದ ಖರ್ಚು ಸೇರಿ ಒಂದೊಂದು ಮನೆಗೆ ಸುಮಾರು 30,000 ಡಾಲರ್ ತಗುಲಿದ್ದರೆ ಸ್ಥಳೀಯ ಕ್ರೈಸ್ತ ಸಂಸ್ಥೆ ಅಂಥದ್ದೇ ಮನೆಯನ್ನು ಸುಮಾರು 2,000 ಡಾಲರಿಗೆ ಕಟ್ಟುತ್ತಿತ್ತೆಂದು ಲೆಕ್ಕ ತೋರಿಸಿದರು. ಮನೆಗಾದರೆ ಇಟ್ಟಿಗೆ ಎಣಿಸಬಹುದು. ಮಕ್ಕಳ ಶಿಬಿರದಲ್ಲಿ ಎಣಿಸುವುದೇನನ್ನು? ನಂಬುತ್ತೇನೆಂದು ಕೈ ಎತ್ತಿದ ಮಕ್ಕಳನ್ನೇ, ಹಾಡಿದ ಹಾಡುಗಳನ್ನೇ? ಹಿಂದಿರುಗಿದ ತಂಡಗಳು ತಮ್ಮ ಚರ್ಚುಗಳಲ್ಲಿ ಒಪ್ಪಿಸುವ ವರದಿಗಳಲ್ಲಿ ಹೋದವರ ಮನಸ್ಸು ಬದಲಾದ ಬಗೆ ವಿವರವಾಗಿರುತ್ತದೆ. ಬಸ್ಸು ಹೊರಟ ಮರುದಿನ ಶಿಬಿರದ ಬಯಲಿಗೆ ಮತ್ತೆ ಬಂದು ನೋಡುವ ಮಗುವಿನ ವಿಷಯ ಇರುವುದಿಲ್ಲ, ಏಕೆಂದರೆ ಅದನ್ನು ಬರೆಯಬೇಕಾದವರು ಆಗ ಅಲ್ಲಿರುವುದಿಲ್ಲ.

ಅನಾಥಾಲಯಗಳ ವಿಷಯದಲ್ಲಿ ಈ ಬಂದುಹೋಗುವಿಕೆಯ ಹಾನಿ ಎಷ್ಟು ಸ್ಪಷ್ಟವಾಯಿತೆಂದರೆ, ಆಸ್ಟ್ರೇಲಿಯ 2018ರಲ್ಲಿ ಆಧುನಿಕ ಗುಲಾಮಗಿರಿ ಕಾಯ್ದೆ ತರುವಾಗ ಅನಾಥಾಲಯಗಳಿಗಾಗಿ ನಡೆಯುವ ಮಕ್ಕಳ ಸಾಗಾಟವನ್ನೂ ಗಣನೆಗೆ ತೆಗೆದುಕೊಂಡಿತು. ವಿಶ್ವಸಂಸ್ಥೆಯ ಮಹಾಸಭೆಯೂ 2019ರ ನಿರ್ಣಯದಲ್ಲಿ ಇದನ್ನು ಪ್ರಸ್ತಾಪಿಸಿತು. ಶಿಬಿರ ಅನಾಥಾಲಯವಲ್ಲ, ಮಗು ಸಂಜೆಗೋ ವಾರದ ಕೊನೆಗೋ ಮನೆಗೆ ಮರಳುತ್ತದೆ ಎಂಬ ವಾದದಲ್ಲಿ ಸತ್ಯವಿದೆ. ಆದರೆ ಶಿಬಿರಕ್ಕೂ ಅದರದೇ ಕತ್ತಲೆಯಿದೆ ಎಂಬುದು ಇಂಗ್ಲೆಂಡಿನ ಒಂದು ಪ್ರಕರಣದಿಂದ ಹೊರಬಂತು.

ಇಂಗ್ಲೆಂಡಿನ ಪ್ರತಿಷ್ಠಿತ ಖಾಸಗಿ ಶಾಲೆಗಳ ಹುಡುಗರಿಗೆಂದೇ 1930ರ ದಶಕದಲ್ಲಿ ಆರಂಭವಾಗಿ, ಡಾರ್ಸೆಟ್‌ನ ಐವರ್ನ್ ಮಿನ್‌ಸ್ಟರ್ ಎಂಬ ಹಳ್ಳಿಯ ಹೆಸರಿನಿಂದ ಪರಿಚಿತವಾದ ಶಿಬಿರಗಳಲ್ಲಿ ಸ್ವಯಂಸೇವಕರನ್ನು ಸೈನ್ಯದ ರೀತಿಯಲ್ಲಿ ‘ಆಫೀಸರ್’ಗಳೆಂದು ಕರೆಯುತ್ತಿದ್ದರು. ಅಲ್ಲಿನ ಹಿರಿಯ ಸ್ವಯಂಸೇವಕನೊಬ್ಬ ಹುಡುಗರನ್ನು ಅಮಾನುಷವಾಗಿ ಥಳಿಸುತ್ತಿದ್ದನೆಂಬುದು 1982ರಲ್ಲೇ ಒಂದು ಗೋಪ್ಯ ವರದಿಯಲ್ಲಿ ದಾಖಲಾಯಿತು. ಬಲ್ಲವರು ಪೊಲೀಸರಿಗೆ ತಿಳಿಸಲಿಲ್ಲ. 1984ರಲ್ಲಿ ಆತ ಜಿಂಬಾಬ್ವೆಗೆ ತೆರಳಿ ಅಲ್ಲಿಯೂ ಹುಡುಗರ ಶಿಬಿರಗಳನ್ನು ನಡೆಸಿದ. 1992ರ ಡಿಸೆಂಬರಿನಲ್ಲಿ ಮರೊಂಡೆರಾದ ಶಿಬಿರದಲ್ಲಿ ಹದಿನಾರು ವರ್ಷದ ಹುಡುಗನೊಬ್ಬ ಈಜುಕೊಳದಲ್ಲಿ ಶವವಾಗಿ ಸಿಕ್ಕ; ಆ ಸಂಬಂಧದ ಮೊಕದ್ದಮೆ ತೀರ್ಪು ಕಾಣದೆ ಕುಸಿಯಿತು. ಕೊನೆಗೆ 2024ರ ನವೆಂಬರಿನಲ್ಲಿ ಸ್ವತಂತ್ರ ತನಿಖೆಯ ವರದಿ ಪ್ರಕಟವಾದಾಗ, ಬ್ರಿಟನ್ನಿಗಿಂತ ಆಫ್ರಿಕಾದಲ್ಲೇ ಹೆಚ್ಚು ಮಕ್ಕಳು ಬಲಿಪಶುಗಳಾಗಿರಬಹುದೆಂಬ ಅಂದಾಜು ಅದರಲ್ಲಿತ್ತು. ಕೆಲವೇ ದಿನಗಳಲ್ಲಿ ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಹಿರಿಯ ಧರ್ಮಾಧ್ಯಕ್ಷರಾದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ರಾಜೀನಾಮೆ ಘೋಷಿಸಿದರು.

ಒಬ್ಬ ದುಷ್ಟನಿದ್ದ, ಈಗಿಲ್ಲ ಎಂದು ಈ ಪ್ರಕರಣವನ್ನು ಮುಚ್ಚುವುದು ಸುಲಭ. ಆದರೆ ಒಂದು ದೇಶದಲ್ಲಿ ಸಂಶಯಕ್ಕೊಳಗಾದ ವ್ಯಕ್ತಿ ಇನ್ನೊಂದು ದೇಶದಲ್ಲಿ ಸೇವಕನಾಗಿ ಸ್ವಾಗತ ಪಡೆಯಲು ಸಾಧ್ಯವಾದದ್ದು, ದೂರದಿಂದ ಬಂದವರನ್ನು ಪ್ರಶ್ನಿಸಬಾರದೆಂಬ ಭಾವನೆ ಬಡ ದೇಶಗಳ ಚರ್ಚುಗಳಲ್ಲಿ ಆಳವಾಗಿ ಬೇರೂರಿರುವುದರಿಂದ. ಅತಿಥಿಸತ್ಕಾರ ದೊಡ್ಡ ಗುಣ, ಆದರೆ ಮಕ್ಕಳ ವಿಷಯದಲ್ಲಿ ಅದಕ್ಕೊಂದು ಬೇಲಿ ಬೇಕು. ಬೇಲಿಗಳು ಬಂದವು, ಆದರೆ ದೇಶದೊಳಗಿನವು ಮೊದಲು, ಗಡಿ ದಾಟುವವು ಕೊನೆಗೆ. ಮಕ್ಕಳೊಂದಿಗೆ ಕೆಲಸ ಮಾಡುವವರ ಅಪರಾಧ ದಾಖಲೆ ಪರಿಶೀಲಿಸಲು ಬ್ರಿಟನ್ 2002ರಲ್ಲಿ ಕೇಂದ್ರ ವ್ಯವಸ್ಥೆ ತಂದಿತು. ಜರ್ಮನಿ ಯುವನಾಯಕರಿಗೆ ತರಬೇತಿಯ ಕಾರ್ಡನ್ನು 1990ರ ದಶಕದ ಕೊನೆಗೂ, ವಿಸ್ತೃತ ಪೊಲೀಸ್ ಪ್ರಮಾಣಪತ್ರವನ್ನು 2010ರಲ್ಲೂ ಜಾರಿಗೆ ತಂದಿತು. ಆದರೆ ಒಂದು ದೇಶದ ಪ್ರಮಾಣಪತ್ರ ಹೇಳುವುದು ಬಹುತೇಕ ಆ ದೇಶದೊಳಗಿನ ಸಂಗತಿಯನ್ನಷ್ಟೆ.

ವೀಸಾಗಳ ಕಥೆ ಇನ್ನೊಂದು ಜಾಡಿನದು. ಅಮೆರಿಕವು ವಿನಿಮಯ ಕಾರ್ಯಕ್ರಮಗಳಿಗೆ ಬರುವವರಿಗೆ ಕೊಡುವ ಜೆ–1 ವೀಸಾದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಶಿಬಿರದ ಕೌನ್ಸೆಲರ್‌ಗಳಿಗೆಂದೇ ಒಂದು ವರ್ಗವಿದೆ. ಹದಿನೆಂಟು ತುಂಬಿದವರು ಗರಿಷ್ಠ ನಾಲ್ಕು ತಿಂಗಳು ಇರಬಹುದು. ಹೀಗೆ ಬಂದವರನ್ನು ಅಡುಗೆಗೆ, ಪಾತ್ರೆ ತೊಳೆಯಲು, ಕಸ ಗುಡಿಸಲು ನೇಮಿಸುವಂತಿಲ್ಲ ಎನ್ನುತ್ತದೆ ನಿಯಮ. ಶೋಷಣೆ ತಡೆಯಲು ಮಾಡಿದ ನಿಯಮವೇ ಸರಿ, ಆದರೆ ಭಾಷೆ ಬಾರದ ಊರಿಗೆ ಬಂದ ಹೊಸಬರು ಮೊದಲ ವಾರ ನಿಜವಾಗಿ ಉಪಯೋಗಕ್ಕೆ ಬರುವುದು ಪಾತ್ರೆ ತೊಳೆಯುವಲ್ಲಿಯೇ ಎಂದು ಶಿಬಿರ ನಡೆಸಿದವರಿಗೆ ಗೊತ್ತು. ಬ್ರಿಟನ್ನಿನಲ್ಲಿ ಸಂದರ್ಶಕರು ನೋಂದಾಯಿತ ಧರ್ಮಾರ್ಥ ಸಂಸ್ಥೆಗೆ ಮೂವತ್ತು ದಿನ ಮೀರದಂತೆ ದುಡಿಯಬಹುದು. ಅದಕ್ಕೂ ಹೆಚ್ಚಾದರೆ ಹನ್ನೆರಡು ತಿಂಗಳವರೆಗಿನ ಬೇರೆ ವೀಸಾ ಬೇಕು.

ಭಾರತದ ನಿಲುವು ಹೆಚ್ಚು ಬಿಗಿ. ಪ್ರವಾಸಿ ವೀಸಾದಲ್ಲಿ ಬಂದವರು ಆರಾಧನೆಯಲ್ಲಿ ಕುಳಿತುಕೊಳ್ಳಬಹುದು, ಬೋಧಿಸುವಂತಿಲ್ಲ. ಬೋಧಿಸಲು ಮಿಷನರಿ ವೀಸಾ ಬೇಕು. 2021ರ ಮಾರ್ಚ್ 4ರ ಅಧಿಸೂಚನೆಯ ನಂತರ ಸಾಗರೋತ್ತರ ಭಾರತೀಯ ನಾಗರಿಕರು, ಅಂದರೆ ಓಸಿಐ ಕಾರ್ಡುದಾರರು ಕೂಡ, ಮಿಷನರಿ ಚಟುವಟಿಕೆಗೆ ಮುಂಚಿತವಾಗಿ ವಿಶೇಷ ಅನುಮತಿ ಪಡೆಯಬೇಕು. ಅದೇ ಪಟ್ಟಿಯಲ್ಲಿ ತಬ್ಲೀಗ್ (ಇಸ್ಲಾಂ ಧರ್ಮಪ್ರಚಾರ), ಪತ್ರಿಕಾವೃತ್ತಿ, ಪರ್ವತಾರೋಹಣಗಳೂ ಇವೆಯೆನ್ನುವುದು ಬೇರೆ ಮಾತು. ಅಮೆರಿಕದಲ್ಲೋ ಕೆನಡಾದಲ್ಲೋ ನೆಲೆಸಿ ಅಲ್ಲಿನ ಪೌರತ್ವ ಪಡೆದು, ಏಪ್ರಿಲ್ ರಜೆಗೆ ಮಂಗಳೂರಿಗೋ ಧಾರವಾಡಕ್ಕೋ ಬರುವ ಮಗಳು, ತಾನೇ ಕಲಿತ ಚರ್ಚಿನ ರಜಾಕಾಲದ ಬೈಬಲ್ ಶಾಲೆಯಾದ ವಿಬಿಎಸ್‌ನಲ್ಲಿ ಮಕ್ಕಳಿಗೆ ಅಭಿನಯ ಗೀತೆ ಕಲಿಸಿದರೆ ಅದು ಮಿಷನರಿ ಚಟುವಟಿಕೆಯೋ, ತವರಿಗೆ ಬಂದವಳ ಉತ್ಸಾಹವೋ? ಭಾಷೆ ಬಲ್ಲ, ಮಕ್ಕಳ ಮನೆಗಳನ್ನು ಬಲ್ಲ, ಮುಂದಿನ ವರ್ಷವೂ ಬರುವ ಇಂಥವರೇ ಅಜರಯ್ಯನವರು ಕೇಳಿದ ಸ್ನೇಹಿತರಿಗೆ ಹತ್ತಿರವಾದವರು.

ಈ ನಡುವೆ ಹರಿವು ತುಸು ತಿರುಗಿದೆ. ಜರ್ಮನ್ ಸರ್ಕಾರದ ನೆರವಿನ ‘ವೆಲ್ಟ್‌ವೇರ್ಟ್ಸ್’ ಯೋಜನೆ 2008ರಲ್ಲಿ ಆರಂಭವಾದಾಗ ಜರ್ಮನಿಯ ಯುವಜನರನ್ನು ಹೊರಕ್ಕೆ ಕಳಿಸುವುದಷ್ಟೇ ಅದರ ಕೆಲಸವಾಗಿತ್ತು. 2013ರಿಂದ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ ಯುವಜನರೂ ಸ್ವಯಂಸೇವಕರಾಗಿ ಜರ್ಮನಿಗೆ ಹೋಗಲು ಅವಕಾಶವಾಯಿತು, ಚರ್ಚಿನ ಸಂಸ್ಥೆಗಳೂ ಇದರಲ್ಲಿ ಪಾಲ್ಗೊಂಡಿವೆ. ಹೀಗೆ ಹೋಗುವವರು ಅಲ್ಲಿರುವುದು ವಾರಗಟ್ಟಲೆಯಲ್ಲ, ತಿಂಗಳುಗಟ್ಟಲೆ. ಮೊದಲು ಜರ್ಮನ್ ಭಾಷೆಯ ತರಗತಿಗೆ ಸೇರುತ್ತಾರೆ. ಮಕ್ಕಳ ಗುಂಪು ಅವರ ಪಾಲಿಗೆ ಬರುವುದು ಆಮೇಲೆ.