ಇಂಜಿನ್ ಆಯಿಲ್ ಕುಡಿಯುತ್ತದೆ, ಗೇರ್‌ಬಾಕ್ಸ್ ಕುಡಿಯುವುದಿಲ್ಲ

ಹೋದ ಮಳೆಗಾಲದಲ್ಲಿ ನಮ್ಮ ಗ್ಯಾರೇಜಿಗೆ ಒಬ್ಬರು ರಿಟೈರ್ಡ್ ಮೇಷ್ಟ್ರು ಬಂದರು. 18 ವರ್ಷ ಹಳೆಯ ಆಟೋಮ್ಯಾಟಿಕ್ ಕಾರು, ಮೈಮೇಲೆ ಒಂದು ಗೀಟಿಲ್ಲ. ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡದಿದ್ದರೆ ಅವರಿಗೆ ಊಟ ಸೇರುವುದಿಲ್ಲ. “ಗೇರ್ ಆಯಿಲ್ ಸೋರ್ತಾ ಇದೆ ಕಣಯ್ಯ. ಮೂರು ವಾರದಲ್ಲಿ ಎರಡು ಲೀಟರ್ ಹಾಕಿದೀನಿ. ಹಾಕಿದಷ್ಟೂ ಸೋರುತ್ತೆ” ಎಂದರು.

ಗಾಡಿ ಎತ್ತಿ ನೋಡಿದೆ. ಅಡಿಯೆಲ್ಲ ಕೆಂಪು. ಆದರೆ ಆಕ್ಸಲ್ ಸೀಲ್ ಒಣಗಿಯೇ ಇದೆ, ಕೂಲರ್ ಪೈಪು ಒಣಗಿದೆ, ತಳದ ಆಯಿಲ್ ಪ್ಯಾನ್ ಸುತ್ತ ಒಂದು ಹನಿ ಇಲ್ಲ. ಬಟ್ಟೆಯಲ್ಲಿ ಒರೆಸುತ್ತಾ ಮೇಲೆ ಹೋದರೆ ಜಾಡು ನಿಂತಿದ್ದು ಗೇರ್‌ಬಾಕ್ಸಿನ ತಲೆಯ ಮೇಲೆ, ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಹತ್ತಿರ. ಒಳಗೆ ಆಯಿಲ್ ಜಾಸ್ತಿಯಾಗಿ, ನೊರೆ ಎದ್ದು, ಹಾಲು ಉಕ್ಕಿದ ಹಾಗೆ ಉಕ್ಕಿ ಹೊರಗೆ ಬರುತ್ತಿತ್ತು. ಮೇಷ್ಟ್ರು ಅದನ್ನು ಸೋರಿಕೆ ಅಂದುಕೊಂಡು ಇನ್ನಷ್ಟು ಹಾಕುತ್ತಿದ್ದರು.

“ಹೇಗೆ ಚೆಕ್ ಮಾಡಿದ್ರಿ ಸಾರ್?” ಅಂದೆ. “ಇಂಜಿನ್ ಓಡ್ತಾ ಇರುವಾಗಲೇ. ಅಮೆರಿಕದವನೊಬ್ಬ ವಿಡಿಯೋದಲ್ಲಿ ಹಾಗೇ ತೋರಿಸಿದ್ದ.” ಅವನ ಪಿಕಪ್ ಗಾಡಿಗೆ ಅದೇ ಸರಿ. ಮೇಷ್ಟ್ರ ಕಾರಿನ ಪುಸ್ತಕ ಮಾತ್ರ ಇಂಜಿನ್ ನಿಲ್ಲಿಸಿ ನೋಡಿ ಎನ್ನುತ್ತದೆ. ಎಲ್ಲ ಎಡವಟ್ಟು ಅಷ್ಟರಲ್ಲೇ ಆಗಿತ್ತು.

ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಆಯಿಲ್ ಒಂದೇ ಕಡೆ ಕೂತಿರುವುದಿಲ್ಲ. ಇಂಜಿನ್ ಓಡುವಾಗ ಪಂಪು ಅದನ್ನು ತಳದಿಂದ ಎಳೆದು ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಭಾಗ), ವಾಲ್ವ್ ಬಾಡಿ (ಆಯಿಲನ್ನು ಬೇಕಾದ ದಾರಿಗೆ ತಿರುಗಿಸುವ ಭಾಗ), ಕ್ಲಚ್ ಪ್ಯಾಕ್ (ಗೇರ್ ಹಿಡಿಯುವ ಪ್ಲೇಟುಗಳ ಕಟ್ಟು), ಕೂಲರ್ ಎಲ್ಲದಕ್ಕೂ ಕಳಿಸುತ್ತದೆ. ತಳದಲ್ಲಿ ಮಟ್ಟ ಇಳಿಯುತ್ತದೆ. ಇಂಜಿನ್ ನಿಲ್ಲಿಸಿದರೆ ಒಂದಿಷ್ಟು ವಾಪಸ್ ಇಳಿದು ಮಟ್ಟ ಏರುತ್ತದೆ. ಇದರ ಜೊತೆಗೆ ಬಿಸಿ. ಬೆಳಗ್ಗೆ ತಣ್ಣಗಿದ್ದ ಆರೇಳು ಲೀಟರ್ ಆಯಿಲ್ 80 ಡಿಗ್ರಿ ಮುಟ್ಟುವಷ್ಟರಲ್ಲಿ ಕಾಲು ಲೀಟರಿಗೂ ಜಾಸ್ತಿ ಹಿಗ್ಗಿರುತ್ತದೆ. ಹಾಗಾಗಿ ಅದೇ ಗಾಡಿ, ಅಷ್ಟೇ ಆಯಿಲ್, ಆದರೆ ಡಿಪ್‌ಸ್ಟಿಕ್, ಅಂದರೆ ಮಟ್ಟ ನೋಡುವ ಕಡ್ಡಿ, ಹೊತ್ತಿಗೊಂದು ಲೆಕ್ಕ ಹೇಳುತ್ತದೆ. ಕಂಪನಿಯವರು ಯಾವ ಸ್ಥಿತಿಯಲ್ಲಿ ಅಳೆದು ಗೆರೆ ಹಾಕಿದ್ದಾರೋ ಅದೇ ಸ್ಥಿತಿಯಲ್ಲಿ ನಾವೂ ಅಳೆದರೆ ಮಾತ್ರ ಆ ಗೆರೆಗೆ ಅರ್ಥ.

ಆ ಸ್ಥಿತಿ ಕಂಪನಿಯಿಂದ ಕಂಪನಿಗೆ ಬೇರೆ. ಡಿಪ್‌ಸ್ಟಿಕ್ ಇರುವ ಹಳೇ ಟೊಯೊಟಾ ಕೊರೊಲಾದಲ್ಲಿ ಗಾಡಿ ಬಿಸಿಯಾಗಿರಬೇಕು, ಆಕ್ಸಿಲರೇಟರ್ ತುಳಿಯದೆ ಇಂಜಿನ್ ಐಡಲ್‌ನಲ್ಲಿ ಓಡುತ್ತಿರಬೇಕು. ಬ್ರೇಕ್ ತುಳಿದುಕೊಂಡು ಗೇರ್ ಲಿವರನ್ನು ಪಿ (ಪಾರ್ಕ್) ಇಂದ ಎಲ್ (ಲೋ) ತನಕ ಒಂದೊಂದೇ ಮನೆ ಇಳಿಸಿ, ವಾಪಸ್ ಪಿ ಗೆ ತಂದು ನೋಡಬೇಕು. ಹಳೇ ಹ್ಯುಂಡೈ ಆಕ್ಸೆಂಟ್‌ನಲ್ಲೂ ಇಂಜಿನ್ ಓಡುತ್ತಿರಬೇಕು, ಆದರೆ ಲಿವರ್ ಎನ್‌ನಲ್ಲಿ (ನ್ಯೂಟ್ರಲ್). ಸಿವಿಕ್, ಅಕಾರ್ಡ್‌ನಂಥ ಹಳೇ ಹೋಂಡಾ ಗಾಡಿಗಳಲ್ಲಿ ಬಿಸಿ ಮಾಡಿ, ಇಂಜಿನ್ ಆಫ್ ಮಾಡಿ, ಒಂದು-ಒಂದೂವರೆ ನಿಮಿಷದೊಳಗೆ ನೋಡಬೇಕು. ಹತ್ತು ನಿಮಿಷ ಬಿಟ್ಟು ನೋಡಿದರೂ ಲೆಕ್ಕ ತಪ್ಪು. ನಿಮ್ಮ ಗಾಡಿ ಇದರಲ್ಲಿ ಯಾವುದೂ ಅಲ್ಲವಾ? ಗ್ಲೋವ್ ಬಾಕ್ಸ್‌ನಲ್ಲಿರುವ ಪುಸ್ತಕ ತೆಗೆಯಿರಿ. ಪುಸ್ತಕ ಕಳೆದುಹೋಗಿದ್ದರೆ ಡಿಪ್‌ಸ್ಟಿಕ್ ಮೇಲೇ ಎಷ್ಟೋ ಸಲ ಸಣ್ಣ ಅಕ್ಷರದಲ್ಲಿ ಕೊರೆದಿರುತ್ತಾರೆ, ಕನ್ನಡಕ ಹಾಕಿಕೊಂಡು ಓದಿ.

ಜಾಗ ಸಮತಟ್ಟಾಗಿರಬೇಕು. ನಮ್ಮ ಮನೆಗಳ ಮುಂದಿನ ರ‍್ಯಾಂಪ್ ಮೇಲೆ ನಿಲ್ಲಿಸಿ ನೋಡಿದರೆ ಪ್ರಯೋಜನವಿಲ್ಲ. ಹ್ಯಾಂಡ್‌ಬ್ರೇಕ್ ಎಳೆಯಿರಿ, ಚಕ್ರಕ್ಕೆ ಒಂದು ಕಲ್ಲು ಕೊಡಿ. ಇಂಜಿನ್ ಓಡುವಾಗ ಬಗ್ಗುತ್ತೀರಿ, ಹೆಗಲ ಮೇಲಿನ ಟವಲ್, ದುಪಟ್ಟಾ ತೆಗೆದಿಡಿ. ಫ್ಯಾನ್ ಹೇಳಿ ಕೇಳಿ ತಿರುಗುವುದಿಲ್ಲ. ಬಿಸಿ ಮಾಡುವುದೆಂದರೆ ಊರೊಳಗೆ 15-20 ನಿಮಿಷ ಓಡಿಸಿದರೆ ಸಾಕು. ಶಿರಾಡಿ ಘಾಟಿ ಹತ್ತಿ ಬಂದು ಅದೇ ಬಿಸಿಯಲ್ಲಿ ನೋಡಬೇಡಿ. ಆಗ ಆಯಿಲ್ ಲೆಕ್ಕಕ್ಕಿಂತ ಜಾಸ್ತಿ ಕಾದಿರುತ್ತದೆ, ಅರ್ಧ ಗಂಟೆ ಆರಲಿ.

ಡಿಪ್‌ಸ್ಟಿಕ್ ಎಳೆದು, ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆದು ನೋಡುವುದು ನಿಮಗೆ ಗೊತ್ತಿರುವುದೇ. ಒಂದು ಮಾತು ಮಾತ್ರ. ಗ್ಯಾರೇಜಿನಲ್ಲಿ ಬಿದ್ದಿರುವ ಬನಿಯನ್ ವೇಸ್ಟ್‌ನಲ್ಲಿ ಒರೆಸಬೇಡಿ. ಇಂಜಿನ್‌ಗೆ ಅದು ನಡೆದೀತು. ಇಲ್ಲಿ ವಾಲ್ವ್ ಬಾಡಿಯೊಳಗಿನ ದಾರಿಗಳು ಬಹಳ ಸಣ್ಣವು, ಒಂದು ನೂಲೆಳೆ ಹೋಗಿ ಕೂತರೂ ಗೇರ್ ಬೀಳುವುದು ತಡವಾಗುತ್ತದೆ. ಪೇಪರ್ ನ್ಯಾಪ್‌ಕಿನ್ ಅಥವಾ ಚೆನ್ನಾಗಿ ಒಗೆದು ಸವೆದ ಹಳೇ ಪಂಚೆ ತುಂಡು ಒಳ್ಳೆಯದು. ಹಾಗೆಯೇ ಎರಡು ಸಲ ನೋಡಿ. ಪೈಪಿನ ಗೋಡೆಗೆ ಹತ್ತಿದ ಆಯಿಲ್ ಮೊದಲ ಸಲ ಸುಳ್ಳು ಹೇಳುತ್ತದೆ. ಕಡ್ಡಿಯ ಎರಡೂ ಬದಿಯಲ್ಲಿ ಬೇರೆ ಬೇರೆ ಮಟ್ಟ ಕಂಡರೆ ಕಡಿಮೆ ಇರುವುದನ್ನೇ ಲೆಕ್ಕಕ್ಕೆ ಹಿಡಿಯಿರಿ.

ಮಟ್ಟಕ್ಕಿಂತ ನಾನು ಜಾಸ್ತಿ ಹೊತ್ತು ನೋಡುವುದು ಬಣ್ಣ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಡಿ. ಹೊಸ ಆಯಿಲ್ ಕೆಂಪಗೆ, ತಿಳಿಯಾಗಿರುತ್ತದೆ. ಆ ಕೆಂಪು ಬರೀ ಬಣ್ಣ, ಸೋರಿದಾಗ ಇಂಜಿನ್ ಆಯಿಲ್ ಅಲ್ಲ ಅಂತ ಗುರುತು ಹಿಡಿಯಲು ಹಾಕಿರುವುದು. ಓಡಿದಂತೆ ಅದು ಕಂದುಬಣ್ಣಕ್ಕೆ ತಿರುಗುವುದು ಸಹಜ, ಅಷ್ಟಕ್ಕೇ ಹೆದರಬೇಡಿ. ಮೂಗಿಗೆ ಹಿಡಿಯಿರಿ. ತಳ ಹಿಡಿದ ಪಾತ್ರೆಯಂಥ ಸೀದ ವಾಸನೆ ಬಂದರೆ ಕ್ಲಚ್ ಪ್ಲೇಟ್ ಉರಿದಿದೆ. ಬೆರಳಲ್ಲಿ ಉಜ್ಜಿದಾಗ ಕಪ್ಪು ಪುಡಿ ಅಥವಾ ಲೋಹದ ಮಿನುಗು ಕಂಡರೆ ಹೊಸ ಆಯಿಲ್ ಹಾಕಿ ಸರಿಹೋಗುವ ಕಾಯಿಲೆ ಅದಲ್ಲ.

ಇನ್ನು ರೋಸ್ ಮಿಲ್ಕ್. ಡಿಪ್‌ಸ್ಟಿಕ್ ಮೇಲೆ ಬೇಕರಿಯ ರೋಸ್ ಮಿಲ್ಕ್ ಬಣ್ಣ ಕಂಡರೆ ಆ ಕ್ಷಣ ಇಂಜಿನ್ ಆಫ್ ಮಾಡಿ. ಎಷ್ಟೋ ಹಳೇ ಗಾಡಿಗಳಲ್ಲಿ ಗೇರ್‌ಬಾಕ್ಸಿನ ಕೂಲರ್ ರೇಡಿಯೇಟರಿನ ಹೊಟ್ಟೆಯೊಳಗೇ ಇರುತ್ತದೆ. ಒಳಗೆ ತುಕ್ಕು ಹಿಡಿದು ತೂತಾದರೆ ಕೂಲೆಂಟ್ ಗೇರ್‌ಬಾಕ್ಸಿಗೆ ಬರುತ್ತದೆ. ಕೂಲೆಂಟಿನಲ್ಲಿರುವ ನೀರು, ಗ್ಲೈಕಾಲ್ ಎರಡೂ ಕ್ಲಚ್ ಪ್ಲೇಟಿನ ಲೈನಿಂಗ್ ಅಂಟನ್ನು ಬಿಡಿಸಿಬಿಡುತ್ತವೆ. ಮನೆ ತನಕ ಹೇಗೋ ಓಡಿಸಿಕೊಂಡು ಹೋಗೋಣ ಅಂದವರಿಗೆ ರೇಡಿಯೇಟರ್ ಜೊತೆ ಗೇರ್‌ಬಾಕ್ಸ್ ಖರ್ಚೂ ಬಂದಿದ್ದನ್ನು ನೋಡಿದ್ದೇನೆ. ಟೋಯಿಂಗ್ ಗಾಡಿಗೆ ಫೋನ್ ಮಾಡಿ. ಅದೂ ಎತ್ತಿಕೊಂಡು ಹೋಗುವಂಥದ್ದು, ಹಗ್ಗ ಕಟ್ಟಿ ಎಳೆಯುವುದು ಬೇಡ. ಇಂಜಿನ್ ಓಡದಿದ್ದರೆ ಪಂಪೂ ಓಡುವುದಿಲ್ಲ, ಚಕ್ರದ ಜೊತೆ ತಿರುಗುವ ಗೇರುಗಳು ಒಣಗಿ ಸವೆಯುತ್ತವೆ.

ಮಟ್ಟ ನಿಜಕ್ಕೂ ಕಡಿಮೆ ಇದೆ ಅಂದುಕೊಳ್ಳಿ. ಹಾಕುವ ಮೊದಲು ಕೇಳಬೇಕಾದ ಪ್ರಶ್ನೆ, ಅದು ಹೋಯಿತೆಲ್ಲಿಗೆ? ಹಳೇ ಇಂಜಿನ್ ಆಯಿಲ್ ಕುಡಿಯುತ್ತದೆ, ಸೈಲೆನ್ಸರಿನಲ್ಲಿ ಹೊಗೆಯಾಗಿ ಬಿಡುತ್ತದೆ. ಗೇರ್‌ಬಾಕ್ಸಿನಲ್ಲಿ ಆಯಿಲ್ ಉರಿದು ಖಾಲಿಯಾಗುವ ಜಾಗವೇ ಇಲ್ಲ. ಕಡಿಮೆಯಾಗಿದ್ದರೆ ಸೋರಿದೆ, ಇಲ್ಲವೇ ಹಿಂದೆ ಯಾರೋ ಕಡಿಮೆ ಹಾಕಿದ್ದಾರೆ. (ಒಂದೇ ಒಂದು ಅಪವಾದ: ಕೆಲವು ಹಳೇ ಅಮೆರಿಕನ್ ಗಾಡಿಗಳಲ್ಲಿ, 80ರ ದಶಕದ ಬೆಂಜ್‌ಗಳಲ್ಲಿ ವ್ಯಾಕ್ಯೂಮ್ ಮಾಡ್ಯುಲೇಟರ್ ಅಂತ ಒಂದಿದೆ. ಅದರೊಳಗಿನ ತೆಳು ಪರದೆ (ಡಯಾಫ್ರಾಂ) ಹರಿದರೆ ಗೇರ್‌ಬಾಕ್ಸ್ ಆಯಿಲ್ ವ್ಯಾಕ್ಯೂಮ್ ಪೈಪಿಗೆ ಹೋಗುತ್ತದೆ. ಪೆಟ್ರೋಲ್ ಗಾಡಿಯಾದರೆ ಇಂಜಿನ್ ಅದನ್ನೇ ಎಳೆದು ಸುಡುತ್ತದೆ, ಹೊಗೆ ಬಿಳಿ.) ರಾತ್ರಿ ಕಾರಿನ ಅಡಿ ಒಂದು ದೊಡ್ಡ ರಟ್ಟು ಹಾಸಿ. ಬೆಳಗ್ಗೆ ಕೆಂಪು ಹನಿ ಎಲ್ಲಿ ಬಿದ್ದಿದೆ ನೋಡಿದರೆ ಅರ್ಧ ಕೆಲಸ ಮುಗಿಯಿತು.

ಯಾವ ಆಯಿಲ್? ಇಲ್ಲಿ ನಾನು ಸ್ವಲ್ಪ ಹಟಮಾರಿ. ಈ ಆಯಿಲಿಗೆ ಒಂದು ವಿಚಿತ್ರ ಕೆಲಸವಿದೆ. ಗೇರುಗಳಿಗೆ ಜಾರುವಂತಿರಬೇಕು, ಕ್ಲಚ್ ಪ್ಲೇಟುಗಳಿಗೆ ಹಿಡಿಯುವಂತಿರಬೇಕು. ಎಷ್ಟು ಜಾರಬೇಕು, ಎಷ್ಟು ಹಿಡಿಯಬೇಕು ಅನ್ನುವ ಹದವನ್ನು ಒಂದೊಂದು ಕಂಪನಿ ಒಂದೊಂದು ಥರ ಇಟ್ಟಿದೆ. ಒಂದು ಕಾಲಕ್ಕೆ ಅಮೆರಿಕದಲ್ಲಿ ಈ ಹದಕ್ಕೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. 1970ರ ದಶಕದಲ್ಲಿ ಆ ಎಣ್ಣೆಗೆ ಅಲ್ಲಿ ನಿಷೇಧ ಬಂದಾಗ ಜನರಲ್ ಮೋಟರ್ಸ್ ತನ್ನ ಡೆಕ್ಸ್ರಾನ್ ಆಯಿಲನ್ನು ಹೊಸದಾಗಿ ರೂಪಿಸಬೇಕಾಯಿತು, ಅದೇ ಡೆಕ್ಸ್ರಾನ್-2. ಆಮೇಲೆ 3 ಬಂತು, 2005ರಲ್ಲಿ 6 ಬಂತು. ನಮ್ಮ ರಸ್ತೆಯ ಹಳೇ ಹ್ಯುಂಡೈಗಳು ಕೇಳುವುದು ಎಸ್‌ಪಿ-3. ಹೋಂಡಾದಲ್ಲಿ ಮೊದಲು ಝಡ್-1 ಇತ್ತು, ಈಗ ಅದರ ಜಾಗದಲ್ಲಿ ಡಿಡಬ್ಲ್ಯು-1. ಟೊಯೊಟಾದಲ್ಲಿ ಟಿ-4 ಇದೆ, ಹೊಸ ಗಾಡಿಗಳಿಗೆ ಡಬ್ಲ್ಯುಎಸ್. ಟಿ-4 ಬದಲು ಡಬ್ಲ್ಯುಎಸ್ ಹಾಕುವಂತಿಲ್ಲ.

“ಎಲ್ಲಾ ಗಾಡಿಗೂ ಆಗುತ್ತೆ ಸಾರ್” ಅನ್ನುವ ಡಬ್ಬ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಬೇಕಾದಷ್ಟು ಸಿಗುತ್ತದೆ. ಕೆಲವು ಒಳ್ಳೆಯವೇ ಇರಬಹುದು. ನಾನು ಡಬ್ಬದ ಹಿಂದೆ ನನಗೆ ಬೇಕಾದ ಸ್ಪೆಸಿಫಿಕೇಶನ್ನಿನ ಹೆಸರು ಹುಡುಕುತ್ತೇನೆ, ಇಲ್ಲದಿದ್ದರೆ ವಾಪಸ್ ಇಡುತ್ತೇನೆ. ಕೆಂಪಗಿದೆ ಅನ್ನುವುದು ಸಾಕ್ಷಿಯಲ್ಲ, ಕೆಲವು ಪವರ್ ಸ್ಟೀರಿಂಗ್ ಆಯಿಲೂ ಕೆಂಪಗೇ ಇರುತ್ತದೆ.

ಇನ್ನೊಂದು ಗೊಂದಲ. ಈಗ ಎರಡು ಪೆಡಲ್ ಇರುವುದೆಲ್ಲ ನಮ್ಮ ಜನಕ್ಕೆ “ಆಟೋಮ್ಯಾಟಿಕ್”. 2014ರ ಮಾರುತಿ ಸೆಲೆರಿಯೊದಿಂದ ಶುರುವಾದ ಎಎಂಟಿ ಗಾಡಿಗಳಲ್ಲಿ ಇರುವುದು ಮಾಮೂಲಿ ಮ್ಯಾನುವಲ್ ಗೇರ್‌ಬಾಕ್ಸ್, ಕ್ಲಚ್ ಒತ್ತಲು, ಗೇರ್ ಬದಲಿಸಲು ಮಾತ್ರ ಯಂತ್ರ. ಅದಕ್ಕೆ ಈ ಕೆಂಪು ಆಯಿಲ್ ಹಾಕಬೇಡಿ. ಬೆಲ್ಟ್ ಮೇಲೆ ಓಡುವ ಸಿವಿಟಿಗೆ ಅದರದ್ದೇ ಆಯಿಲ್. ಕೆಂಪು ಆಯಿಲ್ ಹಾಕಿದರೆ ಬೆಲ್ಟ್ ಜಾರಿ ಪುಲ್ಲಿ ಹಾಳಾಗುತ್ತದೆ.

ಹಾಕುವ ಕೆಲಸ ಸುಲಭ, ಕಷ್ಟ ಇರುವುದು ಕೈ ತಡೆಯುವುದರಲ್ಲಿ. ಹೆಚ್ಚಿನ ಗಾಡಿಗಳಲ್ಲಿ ಡಿಪ್‌ಸ್ಟಿಕ್ ಇರುವ ಪೈಪಿನಲ್ಲೇ ಹಾಕಬೇಕು. ಸಣ್ಣ ಬಾಯಿಯ ಉದ್ದ ಆಲಿಕೆ ಬೇಕು, ಇಂಜಿನ್ ಆಯಿಲ್ ಹಾಕಿದ ಆಲಿಕೆ ಬೇಡ. ಕೆಳಗಿನ ಮತ್ತು ಮೇಲಿನ ಗೆರೆಯ ನಡುವೆ ಸಣ್ಣ ಕಾರುಗಳಲ್ಲಿ ಇರುವುದು ಅರ್ಧ ಲೀಟರಿನ ಆಸುಪಾಸು. ಅದಕ್ಕೇ ಒಂದು ಸಲಕ್ಕೆ 200 ಮಿಲಿ ಮಾತ್ರ ಹಾಕಿ, ಅಂದರೆ ಒಂದು ಟೀ ಲೋಟದ ಮೇಲೆ ಇನ್ನಷ್ಟು. ಪೈಪಿನಲ್ಲಿ ಇಳಿಯಲು ಕೆಲವು ನಿಮಿಷ ಬಿಡಿ. ಗೇರ್ ಎಲ್ಲ ಮನೆಗೂ ಹಾಕಿ ತೆಗೆಯಿರಿ, ಪುಸ್ತಕ ಹೇಳಿದ ಸ್ಥಿತಿಗೆ ತಂದು ಮತ್ತೆ ನೋಡಿ. ಮೇಲಿನ ಗೆರೆಗೆ ಸ್ವಲ್ಪ ಕೆಳಗೆ ನಿಂತರೆ ಸಾಕು.

ಕಡಿಮೆ ಇದ್ದರೆ ಪಂಪು ಗಾಳಿ ಎಳೆಯುತ್ತದೆ. ಡಿ ಗೆ ಹಾಕಿದ ಮೇಲೆ ಒಂದೆರಡು ಸೆಕೆಂಡ್ ಗಾಡಿ ಕದಲುವುದಿಲ್ಲ, ತಿರುವಿನಲ್ಲಿ ಎಳೆತ ತಪ್ಪುತ್ತದೆ. ಜಾಸ್ತಿಯಾದರೆ ತಿರುಗುವ ಭಾಗಗಳು ಆಯಿಲನ್ನು ಮಜ್ಜಿಗೆ ಕಡೆದ ಹಾಗೆ ಕಡೆಯುತ್ತವೆ. ನೊರೆಯಲ್ಲಿ ಗಾಳಿ ಇರುತ್ತದೆ, ಗಾಳಿ ಅದುಮಿಕೊಳ್ಳುತ್ತದೆ, ಕ್ಲಚ್ ಒತ್ತುವ ಪ್ರೆಷರ್ ಸಿಗುವುದಿಲ್ಲ. ಎರಡೂ ತಪ್ಪಿನ ಕೊನೆ ಒಂದೇ, ಪ್ಲೇಟ್ ಜಾರಿ ಸುಡುವುದು. ಜಾಸ್ತಿ ಹಾಕಿದ್ದು ಗೊತ್ತಾದರೆ ಓಡಿಸಬೇಡಿ. ಮೆಡಿಕಲ್ ಶಾಪಿನಲ್ಲಿ ಸಿಗುವ ದೊಡ್ಡ ಸಿರಿಂಜಿಗೆ ತೆಳು ಟ್ಯೂಬ್ ಸಿಕ್ಕಿಸಿ ಡಿಪ್‌ಸ್ಟಿಕ್ ದಾರಿಯಲ್ಲೇ ಎಳೆಯಬಹುದು. ತಾಳ್ಮೆ ಬೇಕು ಅಷ್ಟೇ.

ಡಿಪ್‌ಸ್ಟಿಕ್ಕೇ ಇಲ್ಲದ ಗಾಡಿಗಳಲ್ಲಿ ಆಯಿಲ್ ಇಂತಿಷ್ಟೇ ಡಿಗ್ರಿ ಇರುವಾಗ ಅಡಿಯ ಲೆವೆಲ್ ಪ್ಲಗ್ ಬಿಚ್ಚಿ ನೋಡಬೇಕು. ಲಿಫ್ಟ್, ಸ್ಕ್ಯಾನರ್ ಇಲ್ಲದೆ ಮನೆಯಲ್ಲಿ ಕೈ ಹಾಕುವ ಕೆಲಸ ಅಲ್ಲ ಅದು.

ಮೇಷ್ಟ್ರ ಕಾರಿನ ಕಥೆಗೆ ಬರೋಣ. ಎರಡು ಲೀಟರಿನಲ್ಲಿ ಒಂದಿಷ್ಟು ಆಗಲೇ ಉಕ್ಕಿ ಹೋಗಿತ್ತು, ಉಳಿದ ಹೆಚ್ಚುವರಿಯನ್ನು ಇಳಿಸಿದೆವು. ಆಯಿಲ್ ಕಂದು, ಆದರೆ ಸೀದ ವಾಸನೆ ಇರಲಿಲ್ಲ. ಅದೃಷ್ಟ. “ಹಳೇ ಆಯಿಲ್ ಬದಲಿಸಿದರೆ ಗೇರ್‌ಬಾಕ್ಸ್ ಕೆಡುತ್ತೆ ಅಂತಾರಲ್ಲ?” ಎಂದು ಕೇಳಿದರು. ಪೂರ್ತಿ ಸುಳ್ಳಲ್ಲ ಆ ಮಾತು. ಆಗಲೇ ಪ್ಲೇಟ್ ಸುಟ್ಟು ಜಾರುತ್ತಿರುವ ಗಾಡಿಯಲ್ಲಿ ಹಳೇ ಆಯಿಲಿನ ಪುಡಿಯೇ ಹೇಗೋ ಹಿಡಿತ ಕೊಡುತ್ತಿರುತ್ತದೆ, ಹೊಸದು ಹಾಕಿದ ವಾರಕ್ಕೆ ನಿಂತುಬಿಡುತ್ತದೆ. ಕೆಟ್ಟಿದ್ದು ಮೊದಲೇ, ಹೆಸರು ಬಂದಿದ್ದು ಮೆಕ್ಯಾನಿಕ್‌ಗೆ. ಇವರ ಗಾಡಿಗೆ ಆ ಭಯ ಇರಲಿಲ್ಲ. ಮೆಷಿನ್ ಹಾಕಿ ಒಂದೇ ಸಲ ತೊಳೆಯದೆ, ಡ್ರೈನ್ ಬೋಲ್ಟ್ ಬಿಚ್ಚಿ ಇಳಿದಷ್ಟನ್ನು ಅಳೆದು ಅಷ್ಟೇ ಹೊಸದು ಹಾಕಿದೆವು. ಒಟ್ಟು ಆರು ಲೀಟರಿನಲ್ಲಿ ಒಂದು ಸಲಕ್ಕೆ ಎರಡೂವರೆ ಇಳಿಯುತ್ತದೆ, ಉಳಿದದ್ದು ಕನ್ವರ್ಟರ್, ಕೂಲರ್ ಅಂಥ ಕಡೆ ಒಳಗೇ ಇರುತ್ತದೆ. ನಡುನಡುವೆ ಓಡಿಸಿಕೊಂಡು ಮೂರು ಸಲ ಮಾಡಿದರೆ ನೂರಕ್ಕೆ ಸುಮಾರು 80 ಭಾಗ ಹೊಸದಾಗುತ್ತದೆ. ಗಣಿತದ ಮೇಷ್ಟ್ರು, ನಾನು ಹೇಳುವ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು.

ಈಗ ಅವರು ತಿಂಗಳಿಗೊಮ್ಮೆ ನೋಡುತ್ತಾರೆ, ಇಂಜಿನ್ ಆಫ್ ಮಾಡಿ, ಕೈಗಡಿಯಾರ ಹಿಡಿದುಕೊಂಡು. ಹಳೇ ಹಾಜರಿ ಪುಸ್ತಕ ಒಂದರಲ್ಲಿ ತಾರೀಖು, ಮಟ್ಟ, ಹಾಕಿದ ಆಯಿಲ್ ಅಂತ ಮೂರು ಕಾಲಂ ಮಾಡಿಕೊಂಡಿದ್ದಾರೆ. ಮೊನ್ನೆ ತಂದು ತೋರಿಸಿದರು. ಮೂರನೇ ಕಾಲಂ ಆರು ತಿಂಗಳಿಂದ ಖಾಲಿ.